ಪೆನಾಂಗ್, ಫುಕೆಟ್ ಕ್ರೂಸ್: ದಡದ ಮೇಲೆ ಸಿಗುವ ಕೆಲವೇ ಗಂಟೆಗಳನ್ನು ಹೊಂದಿಸುವುದು ಹೇಗೆ?

ಸಿಂಗಾಪುರದಿಂದ ಹೊರಟು ಮಲೇಷ್ಯಾದ ಪೆನಾಂಗ್, ಥಾಯ್ಲೆಂಡಿನ ಫುಕೆಟ್ ತೋರಿಸಿ ವಾಪಸ್ ಕರೆತರುವ ನಾಲ್ಕು ರಾತ್ರಿಯ ಕ್ರೂಸ್‌ನ ಪಟ್ಟಿಯಲ್ಲಿ ‘ಫುಕೆಟ್: ಬೆಳಗ್ಗೆ 8ರಿಂದ ಸಂಜೆ 5’ ಎಂದು ಬರೆದಿದೆ ಅಂದುಕೊಳ್ಳಿ. ಓದಿದವರು ಒಂಬತ್ತು ಗಂಟೆ ಸಿಕ್ಕಿತು ಎಂದು ಫೀಫೀ ದ್ವೀಪ, ದೊಡ್ಡ ಬುದ್ಧ, ಹಳೇ ಪೇಟೆ ಎಲ್ಲವನ್ನೂ ಚೀಟಿಯಲ್ಲಿ ಬರೆದುಕೊಳ್ಳುತ್ತಾರೆ. ನಿಜಕ್ಕೂ ಕೈಗೆ ಬರುವುದು ಐದೂಮುಕ್ಕಾಲು ಗಂಟೆ. ಉಳಿದದ್ದು ಎಲ್ಲಿ ಹೋಯಿತು ಎಂಬುದು ಮೊದಲೇ ಗೊತ್ತಿದ್ದರೆ ಅರ್ಧ ಯೋಜನೆ ಮುಗಿದ ಹಾಗೆ.

8 ಗಂಟೆ ಎಂದರೆ ಹಡಗು ಲಂಗರು ಹಾಕುವ ಹೊತ್ತು. ಆ ದೇಶದ ಅಧಿಕಾರಿಗಳು ಹಡಗಿಗೆ ಅನುಮತಿ ಕೊಟ್ಟ ಮೇಲೆಯೇ ಯಾರಾದರೂ ಇಳಿಯಬಹುದು. ಅದಕ್ಕೆ ಅರ್ಧ ಗಂಟೆ, ಕೆಲವೊಮ್ಮೆ ಮುಕ್ಕಾಲು ಗಂಟೆ ಹಿಡಿಯುತ್ತದೆ. ಆಮೇಲೆ ಹಡಗಿನವರ ಪ್ರವಾಸ ಕೊಂಡವರು ಮೊದಲು ಇಳಿಯುತ್ತಾರೆ. ಸ್ವಂತವಾಗಿ ಸುತ್ತುವವರು ದಡ ಮುಟ್ಟುವಾಗ 9.15 ಆದರೆ ಒಳ್ಳೆಯದೇ ಆಯಿತು ಎನ್ನಬೇಕು. ಸಂಜೆ 5ಕ್ಕೆ ಹೊರಡುವ ಹಡಗಿಗೆ ಜನರನ್ನು ದಡದಿಂದ ಮರಳಿಸುವ ಕೊನೆಯ ದೋಣಿ ಸಾಮಾನ್ಯವಾಗಿ 4 ಗಂಟೆಗೆ ದಡ ಬಿಡುತ್ತದೆ, ಆ ಕೊನೆಯ ಒಂದು ಗಂಟೆಯಲ್ಲಿ ಬಿಸಿಲಲ್ಲಿ ಉದ್ದನೆಯ ಸಾಲು ಇರುತ್ತದೆ. ಆದ್ದರಿಂದ ಜೆಟ್ಟಿಗೆ ನೀವು ಹಿಂತಿರುಗಬೇಕಾದ ಹೊತ್ತನ್ನು 3 ಗಂಟೆ ಎಂದು ಬರೆದುಕೊಳ್ಳಿ. ಯೋಜನೆಯನ್ನು ಈ 3 ಗಂಟೆಯಿಂದ ಹಿಂದಕ್ಕೆ ಕಟ್ಟುತ್ತಾ ಬನ್ನಿ. ಬೆಳಗ್ಗೆಯಿಂದ ಮುಂದಕ್ಕೆ ಕಟ್ಟಿದರೆ ಪಟ್ಟಿ ಬೆಳೆಯುತ್ತಲೇ ಹೋಗುತ್ತದೆ.

ಧಕ್ಕೆಯೋ, ಟೆಂಡರೋ?

ಪ್ರತಿ ಬಂದರಿಗೂ ಮೊದಲು ಕೇಳಬೇಕಾದ ಪ್ರಶ್ನೆ ಇದು. ಹಡಗು ಧಕ್ಕೆಗೇ, ಅಂದರೆ ದಡದ ಹಡಗುಕಟ್ಟೆಗೇ ಬಂದು ನಿಲ್ಲುತ್ತದೆಯೋ ಅಥವಾ ಸಮುದ್ರದಲ್ಲಿ ಲಂಗರು ಹಾಕಿ ಸಣ್ಣ ದೋಣಿಗಳಲ್ಲಿ ಜನರನ್ನು ದಡಕ್ಕೆ ಬಿಡುತ್ತದೆಯೋ? ಈ ಸಣ್ಣ ದೋಣಿಗೇ ಟೆಂಡರ್ ಎನ್ನುವುದು. ಬುಕಿಂಗ್ ಪುಟದಲ್ಲಿ ಬಂದರಿನ ಹೆಸರಿನ ಪಕ್ಕದಲ್ಲಿ ಈ ಮಾಹಿತಿ ಸಿಗುತ್ತದೆ, ಇಲ್ಲದಿದ್ದರೆ ಏಜೆಂಟರನ್ನು ಕೇಳಿ.

ಪೆನಾಂಗ್‌ನಲ್ಲಿ ಹಡಗು ಸ್ವೆಟೆನ್‌ಹ್ಯಾಮ್ ಧಕ್ಕೆಗೆ ತಾಗಿ ನಿಲ್ಲುತ್ತದೆ. ಏಣಿ ಇಳಿದು ಗೇಟು ದಾಟಿದರೆ ಜಾರ್ಜ್‌ಟೌನ್ ಪೇಟೆಯೇ ಎದುರಿಗಿದೆ. ಫುಕೆಟ್‌ನಲ್ಲಿ ಸಾಮಾನ್ಯವಾಗಿ ಪಟಾಂಗ್ ಕೊಲ್ಲಿಯಲ್ಲಿ ಲಂಗರು ಹಾಕಿ ಟೆಂಡರ್‌ನಲ್ಲಿ ಬಿಡುತ್ತಾರೆ, ಕೆಲವು ಹಡಗುಗಳು ದ್ವೀಪದ ಪೂರ್ವಕ್ಕಿರುವ ಆವ್ ಮಖಾಮ್ ಬಂದರಿಗೆ ಹೋಗುತ್ತವೆ. ಈ ಎರಡು ಜಾಗಗಳ ನಡುವೆ ಗುಡ್ಡ ದಾಟುವ ದಾರಿ ಇದೆ. ಹೊರಗಿನ ಡ್ರೈವರ್‌ಗೆ ಪಟಾಂಗ್ ಎಂದು ಹೇಳಿಟ್ಟು ನೀವು ಆವ್ ಮಖಾಮ್‌ನಲ್ಲಿ ಇಳಿದರೆ ಒಬ್ಬರನ್ನೊಬ್ಬರು ಹುಡುಕುವುದರಲ್ಲೇ ಒಂದು ಗಂಟೆ ಕರಗುತ್ತದೆ. ಗಾಡಿ ಬುಕ್ ಮಾಡುವಾಗ ಹಡಗಿನ ಹೆಸರು, ತಾರೀಖು ಎರಡನ್ನೂ ಕೊಡಿ. ಅನುಭವಿ ಚಾಲಕರು ಹಡಗು ಎಲ್ಲಿಗೆ ಬರುತ್ತದೆ ಎಂಬುದನ್ನು ತಾವೇ ವಿಚಾರಿಸಿಕೊಳ್ಳುತ್ತಾರೆ.

ಟೆಂಡರ್ ಇರುವ ದಿನ ಸ್ವಂತವಾಗಿ ಹೋಗುವವರಿಗೆ ನಂಬರಿನ ಚೀಟಿ ಕೊಡುತ್ತಾರೆ. ಎಲ್ಲಿ, ಎಷ್ಟು ಹೊತ್ತಿಗೆ ಕೊಡುತ್ತಾರೆ ಎಂಬುದು ಹಿಂದಿನ ರಾತ್ರಿ ಕೋಣೆಗೆ ಬರುವ ದಿನಚರಿ ಹಾಳೆಯಲ್ಲಿ ಅಥವಾ ಹಡಗಿನ ಆ್ಯಪ್‌ನಲ್ಲಿ ಇರುತ್ತದೆ. ಮನೆಯವರೆಲ್ಲ ಒಟ್ಟಿಗೆ ಬಂದರೆ ಮಾತ್ರ ಚೀಟಿ ಎನ್ನುವ ಹಡಗುಗಳೂ ಇವೆ. ಹಾಗಾಗಿ ತಿಂಡಿಗೆ ಒಬ್ಬರು, ಸ್ನಾನಕ್ಕೆ ಒಬ್ಬರು ಅಂತ ಚದುರಿಹೋದರೆ ಆ ಬೆಳಗ್ಗೆ ಅಲ್ಲೇ ಹಾಳಾಗುತ್ತದೆ.

ವಯಸ್ಸಾದ ಅಪ್ಪ ಅಮ್ಮನನ್ನು ಕರೆದುಕೊಂಡು ಹೋಗುವವರು ಟೆಂಡರ್ ಬಗ್ಗೆ ಇನ್ನೊಂದು ಸಲ ಯೋಚಿಸಿ. ಹಡಗಿನ ಕೆಳಗಿನ ಬಾಗಿಲಲ್ಲಿ ನಿಂತಾಗ ದೋಣಿಯ ಅಂಚು ಒಮ್ಮೆ ಕಾಲಿನ ಸಮಕ್ಕೆ ಬರುತ್ತದೆ, ಮರುಕ್ಷಣ ಅರ್ಧ ಅಡಿ ಕೆಳಗೆ ಹೋಗುತ್ತದೆ. ಎರಡೂ ಕಡೆ ಸಿಬ್ಬಂದಿ ಮೊಣಕೈ ಹಿಡಿದು ‘ಈಗ’ ಎಂದಾಗ ಒಂದೇ ಹೆಜ್ಜೆಯಲ್ಲಿ ದಾಟಬೇಕು. ಹೆಜ್ಜೆ ಎತ್ತಿ ಅನುಮಾನಿಸಿ ನಿಲ್ಲುವುದೇ ಅಪಾಯ. ಮೊಣಕಾಲು ನೋವಿರುವವರು, ಸೀರೆಯ ನೆರಿಗೆ ಕಾಲಿಗೆ ಸಿಕ್ಕುವವರು ಆ ದಿನ ಚೂಡಿದಾರ ಅಥವಾ ಪ್ಯಾಂಟು ಹಾಕಿಕೊಂಡು, ಎರಡೂ ಕೈ ಖಾಲಿ ಇಟ್ಟುಕೊಂಡು ಬರಲಿ. ಅಲೆ ಜೋರಾಗಿದ್ದರೆ ಗಾಲಿಕುರ್ಚಿಯವರನ್ನು ಟೆಂಡರ್‌ಗೆ ಹತ್ತಿಸುವುದಿಲ್ಲ. ಅಂಥವರಿಗೆ ಪೆನಾಂಗ್ ದಿನವನ್ನು ಮುಖ್ಯ ಮಾಡಿಕೊಂಡು, ಫುಕೆಟ್ ದಿನ ಹಡಗಿನಲ್ಲೇ ಆರಾಮವಾಗಿ ಕಳೆಯುವಂತೆ ಮೊದಲೇ ಮಾತಾಡಿಕೊಳ್ಳಿ.

ಗಡಿಯಾರ

ಈ ಮಾರ್ಗದಲ್ಲಿ ಜನ ಹಡಗು ತಪ್ಪಿಸಿಕೊಳ್ಳಲು ಅತಿ ಸುಲಭದ ಕಾರಣ ಇದು. ಸಿಂಗಾಪುರ, ಮಲೇಷ್ಯಾ ಎರಡರ ಹೊತ್ತೂ ಒಂದೇ, ಭಾರತಕ್ಕಿಂತ ಎರಡೂವರೆ ಗಂಟೆ ಮುಂದು. ಥಾಯ್ಲೆಂಡ್ ಮಾತ್ರ ಅವುಗಳಿಗಿಂತ ಒಂದು ಗಂಟೆ ಹಿಂದೆ. ಹಡಗು ಹೆಚ್ಚಾಗಿ ಸಿಂಗಾಪುರದ ಹೊತ್ತನ್ನೇ ಇಟ್ಟುಕೊಂಡಿರುತ್ತದೆ. ನೀವು ಪಟಾಂಗ್‌ನಲ್ಲಿ ಇಳಿದ ತಕ್ಷಣ ಫೋನು ಸ್ಥಳೀಯ ನೆಟ್‌ವರ್ಕ್ ಹಿಡಿದು ತಾನಾಗಿ ಒಂದು ಗಂಟೆ ಹಿಂದಕ್ಕೆ ಹೋಗುತ್ತದೆ. ಕೊನೆಯ ಟೆಂಡರ್ 4 ಗಂಟೆಗೆ ಎಂದು ನೆನಪಿದೆ, ಫೋನಿನಲ್ಲಿ 3 ಎಂದು ಕಾಣುತ್ತಿದೆ, ಅಂಗಡಿಯ ಗೋಡೆಯ ಗಡಿಯಾರವೂ 3 ಎನ್ನುತ್ತಿದೆ. ಇನ್ನೂ ಒಂದು ಗಂಟೆ ಇದೆ ಎಂದು ಎಳನೀರು ಕುಡಿಯುತ್ತಾ ಕೂತಿದ್ದಾಗಲೇ ಕೊನೆಯ ದೋಣಿ ದಡ ಬಿಟ್ಟಿರುತ್ತದೆ.

ಪರಿಹಾರ ಸುಲಭ. ಇಳಿಯುವ ಮೊದಲು ಫೋನಿನ ಸೆಟ್ಟಿಂಗ್‌ನಲ್ಲಿ ತಾನಾಗಿ ಸಮಯ ಬದಲಾಗುವ ಆಯ್ಕೆಯನ್ನು ಆಫ್ ಮಾಡಿ, ಸಿಂಗಾಪುರ ಎಂದು ಕೈಯಾರೆ ಆರಿಸಿ. ಗುಂಪಿನಲ್ಲಿ ಒಬ್ಬರಾದರೂ ಕೈಗಡಿಯಾರ ಕಟ್ಟಿ ಅದನ್ನು ಹಡಗಿನ ಹೊತ್ತಿಗೆ ಇಟ್ಟುಕೊಳ್ಳಲಿ. ಚಾಲಕನ ಹತ್ತಿರ ಮಾತಾಡುವಾಗ ಎರಡೂ ಹೊತ್ತು ಹೇಳಿ: ‘ಹಡಗಿನ ಹೊತ್ತು 3, ನಿಮ್ಮ ಹೊತ್ತು 2, ಅಷ್ಟರೊಳಗೆ ಜೆಟ್ಟಿಯಲ್ಲಿರಬೇಕು.’ ಕೆಲವು ಹಡಗುಗಳು ಥಾಯ್ ಹೊತ್ತಿಗೆ ಗಡಿಯಾರ ಬದಲಿಸುವುದೂ ಉಂಟು. ಆದ್ದರಿಂದ ಹಿಂದಿನ ರಾತ್ರಿಯ ದಿನಚರಿ ಹಾಳೆ ನೋಡದೆ ಏನನ್ನೂ ಊಹಿಸಬೇಡಿ. ಆ ಹಾಳೆಯ ಫೋಟೋ ತೆಗೆದಿಟ್ಟುಕೊಳ್ಳಿ. ಬಂದರಿನಲ್ಲಿ ಹಡಗಿನ ಪರವಾಗಿ ಕೆಲಸ ನೋಡಿಕೊಳ್ಳುವ ಏಜೆಂಟರ ಫೋನ್ ನಂಬರೂ ಸಾಮಾನ್ಯವಾಗಿ ಅದರಲ್ಲೇ ಇರುತ್ತದೆ.

ಹಡಗಿನ ಪ್ರವಾಸವೋ, ಸ್ವಂತ ಏರ್ಪಾಡೋ?

ಹಡಗಿನವರು ಮಾರುವ ಪ್ರವಾಸಕ್ಕೆ ದುಡ್ಡು ಹೆಚ್ಚು, ಗುಂಪು ದೊಡ್ಡದು, ಊಟ ಅವರು ಹೇಳಿದ ಕಡೆ. ಆದರೆ ಬಸ್ಸು ಕೆಟ್ಟು ತಡವಾದರೆ ಹಡಗು ನಿಮಗಾಗಿ ಕಾಯುತ್ತದೆ, ಅಥವಾ ಮುಂದಿನ ಬಂದರಿಗೆ ಅವರೇ ತಲುಪಿಸುತ್ತಾರೆ. ಬಂದರೇ ರದ್ದಾದರೆ ದುಡ್ಡು ವಾಪಸ್ ಬರುತ್ತದೆ. ಸ್ವಂತ ಏರ್ಪಾಡಿನಲ್ಲಿ ಇದ್ಯಾವುದೂ ಇಲ್ಲ. ಆದ್ದರಿಂದ ಬೆಲೆಗಿಂತ ದೂರವನ್ನು ನೋಡಿ ತೀರ್ಮಾನಿಸುವುದು ಸರಿ. ನಡೆದು ಅಥವಾ ಅರ್ಧ ಗಂಟೆ ಕಾರಿನಲ್ಲಿ ಹಿಂತಿರುಗಬಹುದಾದ ಜಾಗಕ್ಕೆ ಸ್ವಂತವಾಗಿ ಹೋಗಿ. ನಡುವೆ ಸಮುದ್ರ ಇದ್ದರೆ, ಅಂದರೆ ಸ್ಪೀಡ್‌ಬೋಟ್ ಹತ್ತಬೇಕಾದರೆ, ಹಡಗಿನ ಪ್ರವಾಸವನ್ನೇ ಕೊಳ್ಳಿ.

ಫೀಫೀ ದ್ವೀಪದ ಲೆಕ್ಕವನ್ನೇ ನೋಡಿ. ಪಟಾಂಗ್‌ನಿಂದ ಪೂರ್ವ ತೀರದ ದೋಣಿ ಜೆಟ್ಟಿಗೆ ಗುಡ್ಡ ದಾಟಿ 40ರಿಂದ 45 ನಿಮಿಷ. ಹೆಸರು ಬರೆಸಿ, ಲೈಫ್ ಜಾಕೆಟ್ ಹಾಕಿ ಹತ್ತುವುದಕ್ಕೆ 20 ನಿಮಿಷ. ಸ್ಪೀಡ್‌ಬೋಟ್‌ನಲ್ಲಿ ಸುಮಾರು ಒಂದು ಗಂಟೆ. ಹೋಗುವುದಕ್ಕೇ ಎರಡು ಗಂಟೆ, ಬರುವುದಕ್ಕೆ ಇನ್ನೆರಡು. ನಿಮ್ಮ ಐದೂಮುಕ್ಕಾಲು ಗಂಟೆಯಲ್ಲಿ ಉಳಿಯುವುದು ಒಂದೂಮುಕ್ಕಾಲು. ಮೇಲಾಗಿ ಊರಿನ ಏಜೆನ್ಸಿಗಳು ಮಾರುವ ಫೀಫೀ ಪ್ರವಾಸಗಳು ಹೋಟೆಲಿನಲ್ಲಿ ತಂಗಿದವರಿಗಾಗಿ ಮಾಡಿದವು. ಬೆಳಗ್ಗೆ ಬೇಗ ಕರೆದೊಯ್ದು ಸಂಜೆ ಬಿಡುತ್ತವೆ, ಹಡಗಿನ ಹೊತ್ತಿಗೆ ಹೊಂದುವುದೇ ಇಲ್ಲ. ಅಗ್ಗ ಎಂದು ಅಂಥದ್ದನ್ನು ಆನ್‌ಲೈನ್‌ನಲ್ಲಿ ಕೊಳ್ಳಬೇಡಿ.

ಮಾಯಾ ಬೇ ನೋಡುವ ಆಸೆಯಿಂದ ಫೀಫೀಗೆ ಹೋಗುವವರು ಇನ್ನೆರಡು ವಿಷಯ ತಿಳಿದಿರಬೇಕು. ಹವಳ ಹಾಳಾಗಿ 2018ರಿಂದ 2022ರ ಜನವರಿವರೆಗೆ ಆ ಕೊಲ್ಲಿಯನ್ನು ಮುಚ್ಚಿದ್ದರು. ತೆರೆದ ಮೇಲೂ ಅಲ್ಲಿ ಈಜಲು ಬಿಡುವುದಿಲ್ಲ, ನೀರಿನಲ್ಲಿ ಕಾಲಾಡಿಸಬಹುದು ಅಷ್ಟೇ. ಪ್ರತಿ ವರ್ಷ ಆಗಸ್ಟ್, ಸೆಪ್ಟೆಂಬರ್ ತಿಂಗಳುಗಳಲ್ಲಿ ಹವಳದ ಚೇತರಿಕೆಗಾಗಿ ಮತ್ತೆ ಮುಚ್ಚುತ್ತಾರೆ.

ಹಡಗಿನ ಪ್ರವಾಸ ಕೊಳ್ಳುವುದಾದರೆ ಹತ್ತುವ ಮೊದಲೇ ಆ್ಯಪ್‌ನಲ್ಲಿ ಬೆಲೆ ನೋಡುತ್ತಿರಿ, ಹಡಗಿನೊಳಗಿನ ಕೌಂಟರ್‌ಗಿಂತ ಅಲ್ಲಿ ಕಡಿಮೆ ಸಿಗುವುದು ಹೆಚ್ಚು. ರದ್ದು ಮಾಡಲು ಕೊನೆಯ ಗಡುವು ಯಾವುದು ಎಂದು ಓದಿಕೊಳ್ಳಿ. ಸ್ವಂತ ಗಾಡಿ ಗೊತ್ತು ಮಾಡುವಾಗ ‘ಹಡಗು ಬರದಿದ್ದರೆ ದುಡ್ಡಿಲ್ಲ’ ಎಂಬ ಒಪ್ಪಂದವನ್ನು ಮೆಸೇಜಿನಲ್ಲಿ ಬರೆಸಿಕೊಳ್ಳಿ. ಮುಂಗಡ ಪೂರ್ತಿ ಕೇಳುವವರನ್ನು ಬಿಟ್ಟು ಬೇರೆಯವರನ್ನು ಹುಡುಕಿ.

ಪೆನಾಂಗ್: ನಡೆದೇ ನೋಡಬೇಕಾದ ಊರು

ಇಲ್ಲಿ ಗಾಡಿ ಬೇಡ, ಗೈಡ್ ಬೇಡ. ಜಾರ್ಜ್‌ಟೌನ್‌ಗೆ 2008ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಯಲ್ಲಿ ಜಾಗ ಸಿಕ್ಕಿದೆ. ನೋಡಬೇಕಾದದ್ದೆಲ್ಲ ಧಕ್ಕೆಯಿಂದ ಒಂದೂವರೆ ಕಿಲೋಮೀಟರ್ ಒಳಗಿದೆ.

ಧಕ್ಕೆಯ ಗೇಟಿನಿಂದ ಹೊರಬಂದರೆ ಐದು ನಿಮಿಷದಲ್ಲಿ ವಿಕ್ಟೋರಿಯಾ ರಾಣಿಯ ಗಡಿಯಾರ ಗೋಪುರ. ರಾಣಿ ಆಳಿದ 60 ವರ್ಷಕ್ಕೆ 60 ಅಡಿ ಎತ್ತರ ಎಂಬ ಲೆಕ್ಕದಲ್ಲಿ ಕಟ್ಟಿದ್ದು. ಗಮನಿಸಿ ನೋಡಿದರೆ ಸ್ವಲ್ಪ ವಾಲಿದೆ. ಅದರ ಪಕ್ಕ ಕಾರ್ನ್‌ವಾಲಿಸ್ ಕೋಟೆ. ಅಲ್ಲಿಂದ ಒಳಗೆ ತಿರುಗಿ ಮಸೀದಿ ಕಾಪಿತಾನ್ ಕೆಲಿಂಗ್ ರಸ್ತೆ ಹಿಡಿಯಿರಿ. ಒಂದೇ ಸಾಲಿನಲ್ಲಿ 1818ರ ಸೇಂಟ್ ಜಾರ್ಜ್ ಚರ್ಚು, ಚೀನೀಯರ ಕರುಣಾದೇವಿಯ ಗುಡಿ, ಸ್ವಲ್ಪ ಮುಂದೆ ಕಾಪಿತಾನ್ ಕೆಲಿಂಗ್ ಮಸೀದಿ ಸಿಗುತ್ತವೆ. ನಡುವೆ ಎಡಕ್ಕೆ ಹೊರಳಿದರೆ ಲಿಟಲ್ ಇಂಡಿಯಾ, ಅದರೊಳಗೆ ಕ್ವೀನ್ ಬೀದಿಯಲ್ಲಿ 1833ರ ಮಹಾಮಾರಿಯಮ್ಮನ ಗುಡಿ. ಸಂಪಿಗೆ, ಮಲ್ಲಿಗೆ, ಸಾಂಬಾರಿನ ವಾಸನೆ ಇಲ್ಲಿ ನಿಮ್ಮನ್ನು ಹುಡುಕಿಕೊಂಡು ಬರುತ್ತದೆ. ಊಟಕ್ಕೆ ಬೇರೆ ಯೋಚನೆಯೇ ಬೇಡ, ಬಾಳೆಎಲೆಯ ಮೇಲೆ ಅನ್ನ ಸಾರು ಬಡಿಸುವ ಹೋಟೆಲುಗಳು ಇಲ್ಲಿವೆ.

ಅಲ್ಲಿಂದ ಖೂ ಕೊಂಗ್ಸಿ ಎಂಬ ಚೀನೀ ಮನೆತನದ ಭವನ, ಅದರ ಹತ್ತಿರ ಅರ್ಮೇನಿಯನ್ ಬೀದಿ. 2012ರಲ್ಲಿ ಅರ್ನೆಸ್ಟ್ ಝಕಾರೆವಿಕ್ ಬರೆದ ಗೋಡೆಚಿತ್ರ ಇಲ್ಲಿದೆ. ಅಕ್ಕ ತಮ್ಮ ಕೂತ ಸೈಕಲ್ಲಿನ ಚಿತ್ರದಲ್ಲಿ ಮಕ್ಕಳು ಗೋಡೆಯ ಮೇಲಿನ ಬಣ್ಣ, ಸೈಕಲ್ಲು ಮಾತ್ರ ನಿಜವಾದದ್ದು. ಹಿಂದಿನ ಕ್ಯಾರಿಯರ್ ಹಿಡಿದು ಫೋಟೋ ತೆಗೆಸಿಕೊಳ್ಳಲು ಸಾಲು ಇದ್ದೇ ಇರುತ್ತದೆ. ಕೊನೆಗೆ ಸಮುದ್ರದ ಕಡೆಗೆ ನಡೆದರೆ ನೀರಿನ ಮೇಲೆ ಮರದ ಕಂಬ ನೆಟ್ಟು ಕಟ್ಟಿದ ಚ್ಯೂ ಜೆಟ್ಟಿಯ ಮನೆಗಳು. ಅಲ್ಲಿ ಜನ ಇವತ್ತಿಗೂ ವಾಸವಾಗಿದ್ದಾರೆ. ಬಾಗಿಲು ತೆರೆದಿದೆ ಎಂದು ಒಳಗೆ ಕ್ಯಾಮೆರಾ ತಿರುಗಿಸಬೇಡಿ. ಅಲ್ಲಿಂದ ಕಡಲಂಚಿನ ವೆಲ್ಡ್ ಕ್ವೇ ರಸ್ತೆ ಹಿಡಿದರೆ 20 ನಿಮಿಷದಲ್ಲಿ ಹಡಗಿನ ಹತ್ತಿರ. ನಿಂತು ನೋಡಿ, ಊಟ ಮಾಡಿ ಮುಗಿಸಲು ನಾಲ್ಕು ಗಂಟೆ ಇಟ್ಟುಕೊಳ್ಳಿ.

ಕೆಲವು ಹಡಗುಗಳು ಪೆನಾಂಗ್‌ಗೆ ಮಧ್ಯಾಹ್ನ ಬಂದು ರಾತ್ರಿ ಹೊರಡುತ್ತವೆ. ಹಾಗಾದರೆ ಮೇಲಿನ ದಾರಿಯನ್ನು ತಿರುಗಿಸಿಕೊಳ್ಳಿ. ಖೂ ಕೊಂಗ್ಸಿ ಸಂಜೆ 5ಕ್ಕೆ ಮುಚ್ಚುವುದರಿಂದ ಅದು ಮೊದಲು. ಮಾರಿಯಮ್ಮನ ಗುಡಿ ಮಧ್ಯಾಹ್ನ ಬಾಗಿಲು ಹಾಕಿ ಸಂಜೆ ತೆರೆಯುವುದರಿಂದ ಅದು ಕೊನೆಗೆ. ಬಿಸಿಲು ತಗ್ಗಿದ ಮೇಲೆ ಚ್ಯೂ ಜೆಟ್ಟಿಯ ತುದಿಯಲ್ಲಿ ನಿಲ್ಲುವುದೂ ಚೆನ್ನ.

ಪೆನಾಂಗ್ ಬೆಟ್ಟ ಮತ್ತು ಕೆಕ್ ಲೋಕ್ ಸಿ ಬೌದ್ಧ ದೇವಾಲಯ ಎರಡೂ ಐರ್ ಇತಾಮ್ ಕಡೆಗಿವೆ, ಧಕ್ಕೆಯಿಂದ ಕಾರಿನಲ್ಲಿ ಅರ್ಧ ಗಂಟೆಯ ಆಸುಪಾಸು. ಬೆಟ್ಟದ ತುದಿ 833 ಮೀಟರ್, ಹಳಿಯ ಮೇಲೆ ಎಳೆಯುವ ಫ್ಯುನಿಕ್ಯುಲರ್ ರೈಲಿನಲ್ಲಿ ಹತ್ತಬೇಕು. ಮೇಲೆ ತಂಪಾಗಿದೆ, ನೋಟ ಚೆನ್ನಾಗಿದೆ. ತೊಂದರೆ ಸಾಲಿನದು. ಶನಿವಾರ, ಭಾನುವಾರ, ಮಲೇಷ್ಯಾದ ಶಾಲಾ ರಜೆಯ ದಿನಗಳಲ್ಲಿ ಹತ್ತುವಾಗ ಒಂದು ಸಾಲು, ಇಳಿಯುವಾಗ ಇನ್ನೊಂದು ಸಾಲು. ಇಳಿಯುವ ಸಾಲನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ, ತಡವಾಗುವುದು ಅಲ್ಲೇ. ಬಂದರಿನಲ್ಲಿ ಎಂಟು ಗಂಟೆಗಿಂತ ಕಡಿಮೆ ಇದ್ದರೆ ಬೆಟ್ಟ ಅಥವಾ ಪೇಟೆ, ಒಂದನ್ನೇ ಆರಿಸಿ. ನಮ್ಮ ಮಾತು ಕೇಳುವುದಾದರೆ ಪೇಟೆಯನ್ನೇ. ಬೆಟ್ಟ, ಮಂಜು ನಮ್ಮಲ್ಲೂ ಉಂಟು. ತಮಿಳು, ಚೀನೀ, ಮಲಯ ಮೂರೂ ಒಂದೇ ಬೀದಿಯಲ್ಲಿ ಕೂತ ಊರು ಬೇರೆಲ್ಲಿ ಸಿಗಬೇಕು?

ಫುಕೆಟ್‌ನ ಐದೂಮುಕ್ಕಾಲು ಗಂಟೆ

ಮಕ್ಕಳಿದ್ದು ಸಮುದ್ರವೇ ಮುಖ್ಯವಾದರೆ ಪಟಾಂಗ್ ಮರಳಿನಲ್ಲೇ ಕಾಲ ಕಳೆಯಿರಿ. ಟೆಂಡರ್ ಬಿಡುವುದು ತೀರದ ದಕ್ಷಿಣ ತುದಿಯಲ್ಲಿ, ಹಿಂತಿರುಗುವ ಚಿಂತೆ ಇಲ್ಲ. ಕೆಂಪು ಬಾವುಟ ನೆಟ್ಟ ಕಡೆ ಮೊಣಕಾಲು ಮುಳುಗುವಷ್ಟೂ ಇಳಿಯಬೇಡಿ, ಸೆಳೆತ ಕಣ್ಣಿಗೆ ಕಾಣುವುದಿಲ್ಲ. ಜೆಟ್ ಸ್ಕೀ ಬಾಡಿಗೆಗೆ ತೆಗೆದುಕೊಂಡವರ ಹತ್ತಿರ, ಹಿಂತಿರುಗಿಸುವಾಗ ಹಳೆಯ ಗೀರು ತೋರಿಸಿ ದುಡ್ಡು ಕೀಳುವುದು ಇಲ್ಲಿನ ಹಳೇ ತಂತ್ರ. ಅದರ ಸಹವಾಸವೇ ಬೇಡ. ಸ್ಕೂಟರೂ ಅಷ್ಟೇ: ದ್ವಿಚಕ್ರದ ಮುದ್ರೆ ಇರುವ ಅಂತರರಾಷ್ಟ್ರೀಯ ಚಾಲನಾ ಪರವಾನಗಿ ಇಲ್ಲದೆ ಓಡಿಸಿ ಬಿದ್ದರೆ ಪ್ರವಾಸದ ವಿಮೆ ಕೈಕೊಡುತ್ತದೆ.

ಊರು ನೋಡುವವರು ವ್ಯಾನು ಮಾತಾಡಿಕೊಂಡು ದಕ್ಷಿಣಕ್ಕೆ ಹೊರಡಿ. ಮೊದಲು ಕರೋನ್ ವ್ಯೂಪಾಯಿಂಟ್. ಅಲ್ಲಿಂದ ಒಂದರ ಹಿಂದೊಂದು ಮೂರು ಕೊಲ್ಲಿಗಳು ಕಾಣುತ್ತವೆ. 20 ನಿಮಿಷ ಸಾಕು. ಆಮೇಲೆ ವಾಟ್ ಚಲೋಂಗ್ ದೇವಾಲಯ, 45 ನಿಮಿಷ. ಭುಜ, ಮೊಣಕಾಲು ಮುಚ್ಚುವ ಬಟ್ಟೆ ಬೇಕು. ಅಲ್ಲಿಂದ ಫುಕೆಟ್ ಹಳೇ ಪೇಟೆಯ ಥಲಾಂಗ್ ರಸ್ತೆ, ಸೋಯ್ ರೊಮಾನಿ ಗಲ್ಲಿ. ತವರದ ಗಣಿಯ ಕಾಲದಲ್ಲಿ ಕಟ್ಟಿದ ಬಣ್ಣದ ಅಂಗಡಿಮನೆಗಳ ಸಾಲು. ಊಟ ಸೇರಿ ಒಂದೂವರೆ ಗಂಟೆ. ಹಿಂತಿರುಗಲು ಕಾಥೂ ಗುಡ್ಡದ ದಾರಿ. ಪಟಾಂಗ್ ಇಳಿಜಾರಿನಲ್ಲಿ ಮಧ್ಯಾಹ್ನ ಗಾಡಿಗಳು ಕಟ್ಟಿಕೊಳ್ಳುತ್ತವೆ, ಅರ್ಧ ಗಂಟೆಯ ದಾರಿಗೆ ಒಂದು ಗಂಟೆ ಹಿಡಿಯಿರಿ. ಈ ಸುತ್ತಿನಲ್ಲಿ ಇನ್ನೊಂದು ಜಾಗ ಸೇರಿಸಬೇಡಿ.

ಗಾಡಿ ಹತ್ತುವ ಮೊದಲೇ ‘ಅಂಗಡಿ ಬೇಡ’ ಎಂದು ಸ್ಪಷ್ಟವಾಗಿ ಹೇಳಿ. ಹರಳಿನ ಅಂಗಡಿ, ಗೋಡಂಬಿ ಅಂಗಡಿ, ಚರ್ಮದ ಅಂಗಡಿಗಳಲ್ಲಿ ಚಾಲಕರಿಗೆ ಕಮಿಷನ್ ಇದೆ, ಒಂದೊಂದು ಕಡೆ ಅರ್ಧ ಗಂಟೆ ಹೋಗುತ್ತದೆ. ಬಾಡಿಗೆ ಕಡಿಮೆ ಹೇಳಿದಷ್ಟೂ ಅಂಗಡಿ ಹೆಚ್ಚು. ಗಂಟೆ ಲೆಕ್ಕದಲ್ಲಿ ಬಾಡಿಗೆ ಗೊತ್ತು ಮಾಡಿ, ದುಡ್ಡನ್ನು ಜೆಟ್ಟಿಗೆ ಮರಳಿದ ಮೇಲೆ ಕೊಡಿ. ಆನೆ ನೋಡುವ ಆಸೆ ಇದ್ದರೆ ಸವಾರಿ ಮಾಡಿಸದ, ಆಟ ಆಡಿಸದ ಜಾಗವನ್ನೇ ಆರಿಸಿ.

ಮಾರ್ಗದಲ್ಲಿ ಲಂಗ್ಕಾವಿ ಇದ್ದರೆ ಮಾಚಿನ್‌ಚಾಂಗ್ ಬೆಟ್ಟದ ಕೇಬಲ್ ಕಾರು, ಮೇಲಿನ ಬಾಗಿದ ತೂಗುಸೇತುವೆ ಎರಡೂ ಒಂದೇ ಕಡೆ ಮುಗಿಯುತ್ತವೆ. ಗಾಳಿ ಜೋರಾದರೆ ಕೇಬಲ್ ಕಾರು ನಿಲ್ಲಿಸುತ್ತಾರೆ, ಹೊರಡುವ ಮುಂಚೆ ವಿಚಾರಿಸಿ. ಪೋರ್ಟ್ ಕ್ಲಾಂಗ್ ಎಂದಿದ್ದರೆ ಅದು ಕೌಲಾಲಂಪುರವಲ್ಲ. ನಗರಕ್ಕೆ ರಸ್ತೆಯಲ್ಲಿ ಒಂದು ಗಂಟೆಗೂ ಹೆಚ್ಚು, ಬಾತು ಗುಹೆಯ 272 ಮೆಟ್ಟಿಲು ಹತ್ತಿ ಬರುವುದಾದರೆ ಆ ದಿನ ಅದೊಂದೇ ಕೆಲಸ.

ಮಳೆಗಾಲ

ಫುಕೆಟ್‌ಗೆ ಮೇಯಿಂದ ಅಕ್ಟೋಬರ್‌ವರೆಗೆ ಬೀಸುವುದು ನಮ್ಮ ಕರಾವಳಿಗೆ ಬರುವ ಅದೇ ನೈಋತ್ಯ ಮಾರುತ. ಮಲ್ಪೆಯಿಂದ ಸೇಂಟ್ ಮೇರೀಸ್ ದ್ವೀಪಕ್ಕೆ ಮಳೆಗಾಲದಲ್ಲಿ ದೋಣಿ ನಿಲ್ಲಿಸುವ ಕಾರಣವೇ ಇಲ್ಲೂ ಇದೆ. ಪಟಾಂಗ್ ಪಶ್ಚಿಮಕ್ಕೆ ತೆರೆದುಕೊಂಡ ಕೊಲ್ಲಿ, ಅಲೆ ನೇರವಾಗಿ ಬಂದು ಬಡಿಯುತ್ತದೆ. ಟೆಂಡರ್ ಓಡಿಸಲಾಗದೆ ಹಡಗು ಬಂದರನ್ನೇ ಬಿಟ್ಟು ಹೋಗುವ ದಿನಗಳು ಈ ತಿಂಗಳುಗಳಲ್ಲೇ ಹೆಚ್ಚು. ಫುಕೆಟ್ ಕಡೆಯ ಸಿಮಿಲನ್ ದ್ವೀಪಗಳನ್ನು ಮೇ ನಡುವಿನಿಂದ ಅಕ್ಟೋಬರ್ ನಡುವಿನವರೆಗೆ ಮುಚ್ಚಿಯೇ ಇಡುತ್ತಾರೆ. ನಮ್ಮವರ ಬೇಸಿಗೆ ರಜೆ ಮೇ ಕೊನೆಗೆ ಮುಗಿಯುವುದರಿಂದ ಏಪ್ರಿಲ್‌ನಲ್ಲೇ ಹೋಗಿಬಂದರೆ ಕಡಲು ಶಾಂತವಾಗಿ ಸಿಗುವ ಸಾಧ್ಯತೆ ಹೆಚ್ಚು. ದಸರಾ ರಜೆಯಲ್ಲಿ ಹೋಗುವವರು ಮಳೆಗೆ ಸಿದ್ಧರಾಗಿರಿ.

ಈ ಎಚ್ಚರಿಕೆ ಹೆದರಿಸಲು ಹೇಳುವುದಲ್ಲ. 2018ರ ಜುಲೈ 5ರಂದು ಫುಕೆಟ್ ಹತ್ತಿರ ‘ಫೀನಿಕ್ಸ್’ ಎಂಬ ಪ್ರವಾಸಿ ದೋಣಿ ಬಿರುಗಾಳಿಗೆ ಸಿಕ್ಕಿ ಮಗುಚಿ 47 ಜನ ಸತ್ತರು. ದೋಣಿಯವರು ಹೋಗೋಣ ಎಂದರೂ ಆಕಾಶ ಕಪ್ಪಾಗಿದ್ದರೆ, ಲೈಫ್ ಜಾಕೆಟ್ ಎಲ್ಲರಿಗೂ ಸಾಲದಿದ್ದರೆ ಹತ್ತಬೇಡಿ. ಕೊಟ್ಟ ದುಡ್ಡು ಹೋದರೆ ಹೋಗಲಿ. ಸ್ಪೀಡ್‌ಬೋಟ್‌ನಲ್ಲಿ ಮುಂದಿನ ತುದಿ ಅಲೆಗೆ ಎದ್ದು ಬಡಿಯುತ್ತದೆ. ಬೆನ್ನುನೋವಿನವರು, ಹಿರಿಯರು ಹಿಂಭಾಗದಲ್ಲಿ ಕೂರಬೇಕು. ಬಸುರಿಯರಿಗೆ ಸ್ಪೀಡ್‌ಬೋಟ್ ಬೇಡವೇ ಬೇಡ. ವಾಂತಿ ತಡೆಯುವ ಮಾತ್ರೆಯನ್ನು ಹೊಟ್ಟೆ ತೊಳಸಿದ ಮೇಲೆ ನುಂಗಿದರೆ ಪ್ರಯೋಜನವಿಲ್ಲ, ವೈದ್ಯರನ್ನು ಕೇಳಿಕೊಂಡು ಹತ್ತುವ ಅರ್ಧ ಗಂಟೆ ಮೊದಲೇ ತೆಗೆದುಕೊಳ್ಳಬೇಕು.

ಊಟ, ದುಡ್ಡು, ಚೀಲ

ಸಸ್ಯಾಹಾರಿಗಳಿಗೆ ಥಾಯ್ ಅಡುಗೆಯಲ್ಲಿ ಕಾಣದೆ ಸೇರುವುದು ‘ನಮ್ ಪ್ಲಾ’ ಎಂಬ ಮೀನಿನ ರಸ, ಮಲಯ ಅಡುಗೆಯಲ್ಲಿ ‘ಬೆಲಚಾನ್’ ಎಂಬ ಸಿಗಡಿಯ ಮುದ್ದೆ. ಮಾಂಸ ಬೇಡ ಎಂದರೆ ಇವು ಬಿಟ್ಟುಹೋಗುವುದಿಲ್ಲ, ಏಕೆಂದರೆ ಅಡುಗೆಯವರ ಲೆಕ್ಕದಲ್ಲಿ ಅವು ಉಪ್ಪು ಹುಳಿಯ ಹಾಗೆ. ಫುಕೆಟ್‌ನಲ್ಲಿ ‘ಕಿನ್ ಜೇ’ ಎಂಬ ಮಾತು ಕಲಿತುಕೊಳ್ಳಿ. ಹಳದಿ ಬಾವುಟದ ಮೇಲೆ ಕೆಂಪು ಅಕ್ಷರ ಬರೆದ ಅಂಗಡಿಗಳು ಈ ಪದ್ಧತಿಯವು. ಮಾಂಸ, ಮೀನು, ಮೊಟ್ಟೆ, ಹಾಲಿನ ಜೊತೆಗೆ ಈರುಳ್ಳಿ, ಬೆಳ್ಳುಳ್ಳಿಯನ್ನೂ ಅವರು ಬಳಸುವುದಿಲ್ಲ. ಈರುಳ್ಳಿ ತಿನ್ನದ ಮನೆಯವರಿಗೆ ಪರದೇಶದಲ್ಲಿ ಇದಕ್ಕಿಂತ ನೆಮ್ಮದಿ ಏನಿದೆ? ಹಡಗಿನ ಬಫೆಯಿಂದ ಹಣ್ಣು, ಚಪಾತಿ ಕಟ್ಟಿಕೊಂಡು ಇಳಿಯಬೇಡಿ. ಹಡಗಿನ ತಾಜಾ ಆಹಾರವನ್ನು ದಡಕ್ಕೆ ತರಲು ಬಿಡುವುದಿಲ್ಲ. ಸೀಲು ಒಡೆಯದ ಬಿಸ್ಕತ್ತು ಸಾಕು.

ಹಡಗಿನಲ್ಲಿ ಇರುವಷ್ಟು ಹೊತ್ತೂ ಫೋನನ್ನು ಏರೋಪ್ಲೇನ್ ಮೋಡ್‌ನಲ್ಲಿಡಿ. ಸಮುದ್ರದ ನೆಟ್‌ವರ್ಕಿಗೆ ಅದು ತಾನಾಗಿ ಅಂಟಿಕೊಂಡರೆ ಬಿಲ್ಲು ಭಾರೀ ಬರುತ್ತದೆ. ಟ್ಯಾಕ್ಸಿ ಕರೆಸುವ ಗ್ರ್ಯಾಬ್ ಆ್ಯಪನ್ನು ಬೆಂಗಳೂರಿನಲ್ಲಿ ಇರುವಾಗಲೇ ಹಾಕಿ, ಒಟಿಪಿ ಪಡೆದು, ಕಾರ್ಡು ಸೇರಿಸಿ ಮುಗಿಸಿ. ಬಂದರಿನಲ್ಲಿ ನಿಂತಾಗ ಒಟಿಪಿ ಬರಲಿಲ್ಲವೆಂದರೆ ಏನೂ ಮಾಡಲಾಗದು. ಥಾಯ್ ಎಟಿಎಂಗಳು ಹೊರದೇಶದ ಕಾರ್ಡಿಗೆ ಪ್ರತಿ ಸಲ 200 ಬಾತ್‌ಗಿಂತ ಹೆಚ್ಚು ಶುಲ್ಕ ಮುರಿದುಕೊಳ್ಳುತ್ತವೆ. ಚಿಲ್ಲರೆ ಖರ್ಚಿಗೆ ಬೇಕಾದ ಥಾಯ್ ಬಾತ್, ಮಲೇಷ್ಯಾದ ರಿಂಗಿಟ್ ಎರಡನ್ನೂ ಮೊದಲೇ ಬದಲಿಸಿಕೊಳ್ಳಿ. ಸನ್‌ಸ್ಕ್ರೀನ್ ಕೊಳ್ಳುವಾಗ ಡಬ್ಬಿಯ ಹಿಂದೆ ಆಕ್ಸಿಬೆನ್‌ಜೋನ್, ಆಕ್ಟಿನಾಕ್ಸೇಟ್ ಇಲ್ಲವೆಂದು ನೋಡಿ. ಥಾಯ್ಲೆಂಡಿನ ಸಮುದ್ರ ರಾಷ್ಟ್ರೀಯ ಉದ್ಯಾನಗಳಲ್ಲಿ 2021ರಿಂದ ಅವು ನಿಷಿದ್ಧ, ಹವಳವನ್ನು ಸಾಯಿಸುತ್ತವೆ. ವೇಪ್, ಅಂದರೆ ಇ-ಸಿಗರೇಟು ಅಂತೂ ಥಾಯ್ಲೆಂಡಿನಲ್ಲಿ ಕಾನೂನುಬಾಹಿರ, ಕೋಣೆಯಲ್ಲೇ ಬಿಡಿ.

ಕಾಗದಪತ್ರ ಮತ್ತು ಹಡಗು ತಪ್ಪಿದರೆ

ಸಿಂಗಾಪುರದಿಂದ ಹೊರಟು ಸಿಂಗಾಪುರಕ್ಕೇ ಮರಳುವುದರಿಂದ ಆ ದೇಶದೊಳಗೆ ನೀವು ಎರಡು ಸಲ ಪ್ರವೇಶಿಸುತ್ತೀರಿ. ವೀಸಾ ಕೈಗೆ ಬಂದ ಕೂಡಲೇ ಅದು ಒಂದಕ್ಕಿಂತ ಹೆಚ್ಚು ಪ್ರವೇಶದ್ದೇ ಎಂದು ನೋಡಿಕೊಳ್ಳಿ. ವಿಮಾನದಲ್ಲಿ ಇಳಿಯುವಾಗ ತುಂಬಿದ ಎಸ್‌ಜಿ ಅರೈವಲ್ ಕಾರ್ಡನ್ನು (ಸಿಂಗಾಪುರದ ಆನ್‌ಲೈನ್ ಆಗಮನ ಕಾರ್ಡು) ಹಡಗಿನಿಂದ ಮರಳುವಾಗ ಮತ್ತೆ ಹೊಸದಾಗಿ ತುಂಬಬೇಕು, ಬರುವ ದಿನಕ್ಕೆ ಮೂರು ದಿನದೊಳಗೆ. 2023ರ ಕೊನೆಯಲ್ಲಿ ಮಲೇಷ್ಯಾ, ಥಾಯ್ಲೆಂಡ್ ಎರಡೂ ಭಾರತೀಯರಿಗೆ ವೀಸಾ ವಿನಾಯಿತಿ ಕೊಟ್ಟವು, ಆದರೆ ಇಂಥ ವಿನಾಯಿತಿಗಳು ಬದಲಾಗಬಹುದು. ಬುಕ್ ಮಾಡುವ ದಿನ ಒಮ್ಮೆ, ಹೊರಡುವ ವಾರ ಇನ್ನೊಮ್ಮೆ ಸರ್ಕಾರಿ ತಾಣದಲ್ಲಿ ನೋಡಿ. ಈ ಎರಡೂ ದೇಶಗಳಿಗೆ ಆನ್‌ಲೈನ್ ಆಗಮನ ಕಾರ್ಡುಗಳಿವೆ. ಯಾವುದು ನೀವೇ ತುಂಬಬೇಕು ಎಂಬ ಪಟ್ಟಿಯನ್ನು ಕ್ರೂಸ್ ಕಂಪನಿಯಿಂದ ಬರಹದಲ್ಲಿ ಪಡೆಯಿರಿ. ಪಾಸ್‌ಪೋರ್ಟಿಗೆ ಆರು ತಿಂಗಳು ಅವಧಿ ಉಳಿದಿರಬೇಕು.

ಕೆಲವು ಹಡಗುಗಳು ಪಾಸ್‌ಪೋರ್ಟನ್ನು ತಾವೇ ಇಟ್ಟುಕೊಳ್ಳುತ್ತವೆ. ಹಾಗಾಗಿ ಅದರ ಜೆರಾಕ್ಸ್, ವೀಸಾದ ಪ್ರತಿ, ಹಡಗಿನ ಕಾರ್ಡು, ಒಂದು ದಿನಕ್ಕೆ ಸಾಲುವಷ್ಟು ಬಿಪಿ, ಶುಗರ್ ಮಾತ್ರೆ, ಸಾಕಷ್ಟು ಮಿತಿಯಿರುವ ಒಂದು ಕ್ರೆಡಿಟ್ ಕಾರ್ಡು ಇಷ್ಟೂ ಇಳಿಯುವ ಪ್ರತಿಯೊಬ್ಬರ ಚೀಲದಲ್ಲಿರಲಿ. ಎಲ್ಲರದ್ದನ್ನೂ ಒಬ್ಬರೇ ಹೊತ್ತುಕೊಂಡರೆ ಆ ಒಬ್ಬರು ಚದುರಿದಾಗ ಉಳಿದವರು ಬರಿಗೈ.

ಜೆಟ್ಟಿಗೆ ಬರುವಷ್ಟರಲ್ಲಿ ಕೊನೆಯ ದೋಣಿ ಹೋಗಿದ್ದರೆ ಬೇರೆ ದೋಣಿ ಹಿಡಿದು ಹಡಗನ್ನು ಬೆನ್ನಟ್ಟುವ ಯೋಚನೆ ಮಾಡಬೇಡಿ, ಹತ್ತಿಸಿಕೊಳ್ಳುವುದಿಲ್ಲ. ದಿನಚರಿ ಹಾಳೆಯಲ್ಲಿರುವ ಬಂದರು ಏಜೆಂಟರಿಗೆ ಆ ಕ್ಷಣವೇ ಫೋನ್ ಮಾಡಿ ಹೆಸರು, ಕೋಣೆ ನಂಬರು, ಎಷ್ಟು ಜನ ಎಂದು ತಿಳಿಸಿ. ಇನ್ನೂ ಬಾರದವರ ಪಾಸ್‌ಪೋರ್ಟನ್ನು ಹಡಗಿನವರು ಕೋಣೆಯಿಂದ ತೆಗೆದು ಏಜೆಂಟರ ಕೈಗೆ ಕೊಟ್ಟು ಹೋಗುವ ರೂಢಿ ಇದೆ. ಹಡಗು ಹೊರಡುವ ಮೊದಲೇ ನಿಮ್ಮ ಕರೆ ಬಂದರೆ ಆ ಕೆಲಸ ಆಗುವ ಸಾಧ್ಯತೆ ಹೆಚ್ಚು. ಪಾಸ್‌ಪೋರ್ಟು ಸಿಕ್ಕಿದ ಮೇಲೆ ವಲಸೆ ಅಧಿಕಾರಿಗಳ ಮುದ್ರೆ ಹಾಕಿಸಿಕೊಳ್ಳಬೇಕು, ಅದಕ್ಕೂ ಏಜೆಂಟರೇ ದಾರಿ. ಫುಕೆಟ್ ಕೊನೆಯ ಬಂದರಾಗಿದ್ದರೆ ಅಲ್ಲಿಂದ ಸಿಂಗಾಪುರಕ್ಕೆ ನೇರ ವಿಮಾನಗಳಿವೆ, ಎರಡು ಗಂಟೆಯ ಹಾರಾಟ. ಹಡಗು ಸಿಂಗಾಪುರ ಮುಟ್ಟುವ ಮೊದಲೇ ನೀವು ಅಲ್ಲಿರುತ್ತೀರಿ. ಟಿಕೆಟ್ಟು, ಹೋಟೆಲು ನಿಮ್ಮ ಖರ್ಚಿನದು, ರಸೀದಿಗಳನ್ನು ವಿಮೆಗೆಂದು ಎತ್ತಿಟ್ಟುಕೊಳ್ಳಿ. ಕೋಣೆಯಲ್ಲಿ ಉಳಿದ ಸಾಮಾನನ್ನು ಹಡಗಿನವರು ಕಟ್ಟಿ ಸಿಂಗಾಪುರದ ಟರ್ಮಿನಲ್ಲಿನಲ್ಲಿ ಒಪ್ಪಿಸುವಂತೆ ಅದೇ ಫೋನಿನಲ್ಲಿ ಕೇಳಿಬಿಡಿ.